ತೋಳು ಹೋದ ಕಡೆ

ನಮ್ಮ ಅತ್ತಿಗೆ ಹೊಲಿದ ಬಟ್ಟೆಯ ಜೊತೆಗೆ ಯಾವಾಗಲೂ ಒಂದು ಪುಟ್ಟ ಚೀಲ ಬರುತ್ತಿತ್ತು. ಅಂಗಿಯೋ, ಕೋಟೋ, ಶಾಲೆಯ ಸಮವಸ್ತ್ರವೋ, ಏನೇ ಇರಲಿ, ಗುಂಡಿಯ ಕಾಜಿಗೆ ದಾರ ಪೋಣಿಸಿ ಆ ಚೀಲವನ್ನು ಕಟ್ಟಿರುತ್ತಿದ್ದರು. ಆ ಬಟ್ಟೆಯಲ್ಲಿ ಕತ್ತರಿಸಿ ಉಳಿದದ್ದೆಲ್ಲ ಅದರೊಳಗೆ ಇರುತ್ತಿತ್ತು. ಕಂಕುಳ ಸುತ್ತು ತೆಗೆದಾಗ ಬಿದ್ದ ತುಂಡು, ಅಂಚಿನ ಪಟ್ಟಿ, ಕೊನೆಗೆ ಉಗುರಗಲದ ಚೂರನ್ನೂ ಬಿಡುತ್ತಿರಲಿಲ್ಲ. ಗಿರಾಕಿಗಳಿಗೆ ಅದನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೆಲವರು ರಸ್ತೆಯ ತಿರುವಿನಲ್ಲೇ ಎಸೆದು ಹೋಗುತ್ತಿದ್ದರು. ಅತ್ತಿಗೆಗೆ ಅದೂ ಗೊತ್ತಿತ್ತು. ಆದರೂ ಕಟ್ಟುತ್ತಿದ್ದರು.

ಇದು ಶುರುವಾದದ್ದು ನಮ್ಮ ಅಮ್ಮನಿಂದ. ಅಣ್ಣನ ಮದುವೆಯಾದ ಹೊಸತರಲ್ಲಿ ಅಮ್ಮ ಒಂದು ಉದ್ದನೆಯ ಹತ್ತಿ ಬಟ್ಟೆ ತಂದು ಅತ್ತಿಗೆಯ ಕೈಗೆ ಕೊಟ್ಟಿದ್ದಳು. ನೀಲಿ ಮೈ, ಬಿಳಿ ಹೂವು. ಎರಡು ಗೌನು ಹೊಲಿಯಬೇಕು, ಎರಡಕ್ಕೂ ತುಂಬುತೋಳು ಇರಬೇಕು ಎಂದಿದ್ದಳು. ಅಂಗಡಿಯವನಿಂದ ಅಳೆಸಿ ತಂದದ್ದು. ಅತ್ತಿಗೆ ಒಳ್ಳೆಯ ದರ್ಜಿಗಳೆಲ್ಲ ಮಾಡುವಂತೆ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಿದರು. ಒಂದು ಗೌನಿಗೆ ತುಂಬುತೋಳು ಬಂತು. ಇನ್ನೊಂದಕ್ಕೆ ಮೊಣಕೈಗೂ ಮುಟ್ಟದ ಮೋಟುತೋಳು.

"ಇದರ ತೋಳು ಎಲ್ಲಿಗೆ ಹೋಯ್ತು?" ಎಂದು ಅಮ್ಮ ಕೇಳಿದ್ದಳು.

"ನೆನೆಸಿದಾಗ ಬಟ್ಟೆ ಕುಗ್ಗಿತು ಅತ್ತೆ."

"ಕುಗ್ಗಿದ್ರೆ ಬೆರಳಷ್ಟು ಕುಗ್ಗಬೇಕು. ತೋಳಿಗೆ ತೋಳೇ ಕುಗ್ಗತ್ತಾ? ಟೈಲರ್‌ಗಳ ಬುದ್ಧಿ ನನಗೆ ಗೊತ್ತಿಲ್ವಾ!"

ಅಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತೇನೋ. ಅಮ್ಮ ಆ ಗೌನನ್ನು ಒಂದು ದಿನವೂ ತೊಡದೆ, ಸಾಕ್ಷಿಗೆಂಬಂತೆ ಬೀರುವಿನ ಮೇಲಿನ ಅರೆಯಲ್ಲಿ ಮಡಚಿಟ್ಟಳು. ಬಂದ ನೆಂಟರಿಗೆಲ್ಲ ಈ ಕತೆ ಹೇಳಿದಳು. ನಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಯಿತು. ಚಮಚ ಸಿಗದಿದ್ದರೂ, ಛತ್ರಿ ಕಳೆದರೂ, ಡ್ರೈವರ್ ಆಗಿರುವ ಅಣ್ಣನ ಬಸ್ಸಿನ ಕೀಲಿ ಕಾಣದಿದ್ದರೂ, "ತೋಳು ಹೋದ ಕಡೆ ಹೋಗಿರತ್ತೆ" ಎನ್ನುವುದು, ಎಲ್ಲರೂ ನಗುವುದು. ಅತ್ತಿಗೆಯೂ ತುಟಿಯಂಚಿನಲ್ಲಿ ನಗುತ್ತಿದ್ದರು. ನಕ್ಕು ಒಳಗೆ ಹೋಗಿ ಚೀಲ ಕಟ್ಟುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ತರಬೇತಿ ಕೇಂದ್ರವಿದೆ. ಅಲ್ಲಿನ ಹಿರಿಯ ಟೀಚರಮ್ಮ ನಿವೃತ್ತಿಯಾಗುವವರಿದ್ದರು. ಅವರಿಗೆ ಅತ್ತಿಗೆಯ ಕೈಕೆಲಸ ಕಂಡರೆ ಪ್ರಾಣ. ತಮ್ಮ ಜಾಗಕ್ಕೆ ಇವರೇ ಬರಲಿ ಎಂದು ಮೇಲಿನವರಿಗೆ ಹೇಳಿ ಒಪ್ಪಿಸಿಯೂ ಇದ್ದರು. ಆದರೆ ಹತ್ತನೇ ತರಗತಿ ಪಾಸಾಗಿರಲೇಬೇಕು. ಅತ್ತಿಗೆ ಮಿಕ್ಕ ವಿಷಯಗಳನ್ನೆಲ್ಲ ಖಾಸಗಿಯಾಗಿ ಕಟ್ಟಿ ಮುಗಿಸಿದ್ದರು. ವಿಜ್ಞಾನ ಮಾತ್ರ ಕೈಕೊಡುತ್ತಲೇ ಇತ್ತು. ವಿಜ್ಞಾನದಲ್ಲೂ ಗಿಡ, ಹೃದಯ, ಬೆಳಕು ಇವೆಲ್ಲ ಹೇಗೋ ದಾಟುತ್ತಿದ್ದವು. ರಸಾಯನಶಾಸ್ತ್ರ ಬಂದರೆ ಎಲ್ಲ ಅಯೋಮಯ. ಈ ಸಲದ ಫಲಿತಾಂಶದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದು ಕೇಂದ್ರದವರು ಹೇಳಿ ಕಳಿಸಿದ್ದರು. ವರ್ಷಾನುಗಟ್ಟಲೆ ಮುಂದಿನ ಕೋಣೆಯ ಕಿಟಕಿಯ ಪಕ್ಕ ಮೆಷಿನ್ ತುಳಿದ ಅತ್ತಿಗೆಗೆ, ಒಂದು ಕೆಲಸ, ಅದೂ ಕಲಿಸುವ ಕೆಲಸ ಸಿಗುವುದು ಈ ಒಂದು ಪತ್ರಿಕೆಯ ಮೇಲೆ ನಿಂತಿತ್ತು.

ಕಲಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವವನು. ಗೋಡೆಗೆ ಬೇಕಾದ ಬಣ್ಣ ಕಲಸಿಕೊಡುತ್ತೇನೆ. ಕಾಲೇಜಿನಲ್ಲಿ ವಿಜ್ಞಾನ ಓದಿದ್ದೆನೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ನನಗೆ 'ಮೇಷ್ಟ್ರು' ಎಂದು ಹೆಸರು. ತಾಳ್ಮೆ ಮಾತ್ರ ಹುಟ್ಟಿದಾಗಿನಿಂದ ಇಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಂಜೆ ಅಂಗಡಿಯಿಂದ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜಾಗ ಮಾಡಿಕೊಂಡು, ಸುದ್ದಿ ಕೇಳುವ ನೆಪದಲ್ಲಿ ಕುರ್ಚಿ ಎಳೆದುಕೊಂಡು ಕೂತ ಅಮ್ಮನ ಎದುರಲ್ಲೇ ಪಾಠ ಶುರುಮಾಡಿದೆ.

ಮೊದಮೊದಲು ಚೆನ್ನಾಗಿಯೇ ಇತ್ತು. ಪರಮಾಣುಗಳು ಒಂದಕ್ಕೊಂದು ಹೇಗೆ ಜೋಡಿಯಾಗುತ್ತವೆ ಎಂದು ಹೇಳುವಾಗ ನನಗೆ ರವಿಕೆಯ ಹುಕ್ಕು, ಅದು ಸಿಕ್ಕುವ ಕಣ್ಣು ನೆನಪಾಯಿತು. "ನೋಡಿ ಅತ್ತಿಗೆ, ಹೈಡ್ರೋಜನ್ನಿಗೆ ಒಂದೇ ಹುಕ್ಕು. ಆಕ್ಸಿಜನ್ನಿಗೆ ಎರಡು. ಕಾರ್ಬನ್ನಿಗೆ ನಾಲ್ಕು. ಯಾವ ಹುಕ್ಕೂ ಖಾಲಿ ನೇತಾಡಬಾರದು."

"ಅಂದ್ರೆ ಒಂದು ಆಕ್ಸಿಜನ್ನಿಗೆ ಎರಡು ಹೈಡ್ರೋಜನ್ ಬೇಕು."

"ಅದೇ ನೀರು! H₂O!"

ಅತ್ತಿಗೆಯ ಮುಖ ಅರಳಿತು. ನಾನು ಕೂಡ ಉಬ್ಬಿಹೋದೆ. ಇಷ್ಟು ಸಲೀಸಾದದ್ದಕ್ಕೆ ಇವರು ಹಿಂದೆ ಯಾಕೆ ಮುಗ್ಗರಿಸಿದರೋ ಎಂದುಕೊಂಡೆ. ಮಾರನೆಯ ದಿನ ಸಮೀಕರಣ ಸರಿದೂಗಿಸುವ ಪಾಠ ತೆಗೆದೆ. ಅಲ್ಲಿ ಸಿಕ್ಕಿಬಿದ್ದೆವು.

ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗುವುದನ್ನು ಬರೆದೆ. H₂ + O₂ → H₂O. "ಎಡಗಡೆ ಎಷ್ಟಿದೆ, ಬಲಗಡೆ ಎಷ್ಟಿದೆ ಎಣಿಸಿ."

ಅತ್ತಿಗೆ ಸೂಜಿಯ ಮೊನೆಯಿಂದ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖದ ಬಣ್ಣ ಇಳಿಯಿತು. "ಈ ಕಡೆ ಆಕ್ಸಿಜನ್ ಎರಡಿದೆ. ಆ ಕಡೆ ಒಂದೇ. ಇನ್ನೊಂದು ಎಲ್ಲಿಗೆ ಹೋಯ್ತು?"

"ಅದನ್ನೇ ಸರಿ ಮಾಡ್ಬೇಕು."

"ಅಲ್ಲ, ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ ಅತ್ತಿಗೆ, ನಾವು ಬರೆದಿದ್ದು ತಪ್ಪು."

"ಹೋಗಿಲ್ಲ ಅಂದ್ರೆ ಇರಬೇಕಲ್ಲ. ಕಾಣ್ತಿಲ್ವಲ್ಲ!"

ಕುರ್ಚಿಯಲ್ಲಿದ್ದ ಅಮ್ಮ ಅಭ್ಯಾಸಬಲದಿಂದ, "ತೋಳು ಹೋದ ಕಡೆ" ಎಂದಳು. ಆ ಸಂಜೆ ಮುಂದಕ್ಕೆ ಹೋಗಲೇ ಇಲ್ಲ. ನಾನು ಏನು ಹೇಳಿದರೂ ಅತ್ತಿಗೆಯ ಕಣ್ಣು ಆ ಒಂಟಿ O ಮೇಲೆಯೇ ಇತ್ತು. ಆಗ ಕೆದಕಿ ಕೇಳಿದ ಮೇಲೆ ತಿಳಿಯಿತು. ಹಿಂದಿನ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಇಂಥದೇ ಒಂದು ಸಮೀಕರಣದಲ್ಲಿ ಏನೋ ಕಮ್ಮಿ ಬಂತಂತೆ. ಅದನ್ನು ಹುಡುಕುತ್ತ ಹುಡುಕುತ್ತ ಕೂತರಂತೆ. ಗಂಟೆ ಹೊಡೆದಾಗ ಅರ್ಧ ಪತ್ರಿಕೆ ಖಾಲಿ.

"ಬರದಿದ್ರೆ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕಪ್ಪಾ!" ಎಂದು ಕೂಗಿದೆ.

"ಒಂದು ಕಮ್ಮಿ ಇರೋದನ್ನ ಹಂಗೇ ಬಿಟ್ಟು ಹೇಗೆ ಹೋಗಲಿ?" ಎಂದರು ಅತ್ತಿಗೆ.

ಮಾರನೆಯ ಸಂಜೆ ಅವರೇ ಹುಮ್ಮಸ್ಸಿನಿಂದ ಹಾಳೆ ತೋರಿಸಿದರು. "ಸಿಕ್ತು ಮೇಷ್ಟ್ರೇ. ತೋಳು ಜೋಡಿಸಿದೆ." ಬಲಗಡೆಯ H₂O ಕೊನೆಗೆ ಒಂದು ಪುಟ್ಟ ಎರಡನ್ನು ಸೇರಿಸಿ H₂O₂ ಮಾಡಿದ್ದರು.

"ಅಯ್ಯೋ, ಅದು ನೀರಲ್ಲ! ಅದು ಗಾಯ ತೊಳೆಯೋ ಔಷಧಿ. ಕುಡಿದ್ರೆ ಆಸ್ಪತ್ರೆಗೆ ಹೋಗ್ಬೇಕಾಗತ್ತೆ!"

"ಒಂದೇ ಒಂದು ಆಕ್ಸಿಜನ್ನಿಗೆ?"

"ಒಂದೇ ಒಂದಕ್ಕೆ."

ಅತ್ತಿಗೆ ಕಣ್ಣುಕಣ್ಣು ಬಿಟ್ಟರು. ನಾನು ತಲೆ ಕೆರೆದುಕೊಂಡು ಮತ್ತೆ ಅವರ ಕಸುಬಿಗೇ ಇಳಿದೆ. "ಅಂಗಿಗೆ ಎರಡು ತೋಳು. ಬಟ್ಟೆ ಮಿಕ್ಕಿದೆ ಅಂತ ಮೂರನೇ ತೋಳು ಹಚ್ತೀರಾ? ಇಲ್ಲ ತಾನೆ? ಇನ್ನೊಂದು ಅಂಗಿ ಹೊಲಿತೀರಿ. ಹಾಗೇ ಇದು. ಅಂಗಿ ಒಳಗೆ ಕೈ ಹಾಕಬಾರದು, ಅಂಗಿ ಎಷ್ಟು ಅನ್ನೋದನ್ನ ಮಾತ್ರ ಬದಲಾಯಿಸಬಹುದು. ನೀರು ಎರಡು ಮಾಡಿ."

ಅವರು ಎರಡು ನೀರು ಮಾಡಿದರು. ಹೈಡ್ರೋಜನ್ ಸಾಲದೆ ಬಂದದ್ದನ್ನು ತಾವೇ ಕಂಡುಹಿಡಿದರು. ಎಡಗಡೆ ಬರೆದರು: 3H₂.

"ಎರಡು ಸಾಕಲ್ಲ ಅತ್ತಿಗೆ. ಮೂರು ಯಾಕೆ?"

"ಮಾರ್ಜಿನ್ ಬೇಡ್ವಾ?"

"ಏನು?"

"ಒಳಗೆ ಸ್ವಲ್ಪ ಬಿಡದೇ ಯಾರಾದ್ರೂ ಕತ್ತರಿಸ್ತಾರಾ? ನಾಳೆ ಬಿಗಿಯಾದ್ರೆ ಬಿಚ್ಚೋಕೆ ಬೇಕಲ್ಲ."

ನನ್ನ ಪಿತ್ತ ನೆತ್ತಿಗೇರಿತು. ನೀರಿಗೆ ಹೊಲಿಗೆ ಬಿಚ್ಚುವ ಪ್ರಮೇಯ ಬರುವುದಿಲ್ಲ, ರಸಾಯನಶಾಸ್ತ್ರದಲ್ಲಿ ಮಾರ್ಜಿನ್ ಇಲ್ಲ, ಒಂದು ಪರಮಾಣು ಹೆಚ್ಚೂ ಬೇಡ, ಕಮ್ಮಿಯೂ ಬೇಡ ಎಂದು ಮೇಜು ಗುದ್ದಿ ಹೇಳಿದೆ. ಗುಂಡಿಯ ಡಬ್ಬಿ ಉರುಳಿ ಕೆಳಗೆ ಬಿತ್ತು. ಅತ್ತಿಗೆ ಒಂದೊಂದೇ ಗುಂಡಿ ಹೆಕ್ಕುತ್ತ, "ಮಾರ್ಜಿನ್ ಇಲ್ಲದ ಕೆಲಸವನ್ನ ಯಾರು ನಂಬ್ತಾರೆ" ಎಂದು ಗೊಣಗಿದರು.

ಆಮೇಲಿನ ಪಾಠ ಇನ್ನೂ ಗೋಜಲು. ಯಾವ ಬದಲಾವಣೆಯಲ್ಲೂ ಒಟ್ಟು ತೂಕ ಕಮ್ಮಿಯಾಗುವುದಿಲ್ಲ ಎಂಬ ನಿಯಮವನ್ನು ಪುಸ್ತಕದಲ್ಲಿದ್ದಂತೆ ಓದಿ ಹೇಳಿದೆ. ಅತ್ತಿಗೆ ಎದ್ದು ಹೋಗಿ ಒಂದು ಹಿಡಿ ಹತ್ತಿ ಚೂರು ತಂದು, ಹಳೆಯ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ಉರಿಯಿತು. ಚಿಟಿಕೆ ಬೂದಿ ಉಳಿಯಿತು.

"ಮಿಕ್ಕಿದ್ದು?"

"ಗಾಳಿಗೆ ಹೋಯ್ತು. ಹೊಗೆ, ಆವಿ, ಅನಿಲ."

"ನಿಮ್ಮ ಬಟ್ಟೆ ಗಾಳಿಗೆ ಹೋಯ್ತು ಅಂತ ನಾನು ಗಿರಾಕಿಗೆ ಹೇಳಿದ್ರೆ ಒಪ್ತಾರಾ?"

ಅಮ್ಮ ಕುರ್ಚಿಯಿಂದಲೇ, "ನಾನಂತೂ ಒಪ್ಪಲ್ಲ" ಎಂದಳು. ಕೆಲವು ಲೋಹಗಳ ತೂಕ ಉರಿದ ಮೇಲೆ ಹೆಚ್ಚಾಗುತ್ತದೆ ಎಂದು ನಾನು ಮುಂದುವರಿಸಿದ್ದು ದೊಡ್ಡ ತಪ್ಪಾಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನನ್ನ ಮುಖ ನೋಡಿದರು. ಅವರಿಬ್ಬರೂ ಒಂದೇ ಪಕ್ಷಕ್ಕೆ ಸೇರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಗಾಳಿಯಿಂದ ಬಂದು ಸೇರಿಕೊಳ್ಳುತ್ತದೆ ಎಂದು ತೊದಲಿದೆ. ಹೋಗುವುದೂ ಗಾಳಿಗೆ, ಬರುವುದೂ ಗಾಳಿಯಿಂದ. ಹೇಳುತ್ತ ಹೇಳುತ್ತ ನನಗೇ ತಲೆ ಚಿಟ್ಟುಹಿಡಿಯಿತು. ಪರೀಕ್ಷೆಗೆ ಬಾಯಿಪಾಠ ಮಾಡಿ ದಾಟಿದ್ದನ್ನು ಬಾಯಿಪಾಠ ಒಪ್ಪದವರಿಗೆ ಕಲಿಸುವುದು ಹೇಗೋ ನನಗೆ ಹೊಳೆಯಲಿಲ್ಲ.

ಕೊನೆಗೆ ಸುಲಭದ್ದಕ್ಕೆ ಬಂದೆ. "ಉರಿಯೋದು ಬಿಡಿ. ಮಂಜುಗಡ್ಡೆ ಕರಗಿ ನೀರಾಯ್ತು. ಆಕಾರ ಬದಲಾಯ್ತು, ತೂಕ ಅಷ್ಟೇ. ಅದಾದ್ರೂ ಒಪ್ತೀರಾ?"

ಅತ್ತಿಗೆ ತಗ್ಗಿದ ದನಿಯಲ್ಲಿ ಕೇಳಿದರು. "ಹಾಗಾದ್ರೆ ಬಟ್ಟೆ ನೆನೆಸಿದಾಗ ಕುಗ್ಗತ್ತಲ್ಲ. ಅಳತೆ ಕಮ್ಮಿ ಆದ್ರೂ ತೂಕ ಅಷ್ಟೇ ಇರತ್ತಾ?"

"ಇರಲೇಬೇಕು."

"ನೋಡೇಬಿಡೋಣ."

ಮರುದಿನ ಭಾನುವಾರ. ಬಣ್ಣದ ಪುಡಿ ತೂಗುವ ಪುಟ್ಟ ತಕ್ಕಡಿಯನ್ನು ಅಂಗಡಿಯಿಂದ ಕೇಳಿ ತಂದಿದ್ದೆ. ಅತ್ತಿಗೆ ಒಮ್ಮೆಯೂ ಒಗೆಯದ ಹೊಸ ಕೋರಾ ಬಟ್ಟೆಯ ಒಂದು ತುಂಡು ತೆಗೆದರು. ಟೇಪು ಹಿಡಿಯಲು ಇನ್ನೊಂದು ಕೈ ಬೇಕಿತ್ತು. ನನ್ನನ್ನು ಕರೆಯಲಿಲ್ಲ. "ಅತ್ತೆ, ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ?" ಎಂದರು. ಅಮ್ಮ ಅನುಮಾನದಿಂದಲೇ ಎದ್ದು ಬಂದು ಹಿಡಿದಳು, ಕನ್ನಡಕ ಏರಿಸಿ ಅಳತೆ ತಾನೇ ಓದಿದಳು. ತೂಕ ನಾನು ಬರೆದುಕೊಂಡೆ. ಬಟ್ಟೆ ಬಕೆಟ್ಟಿನಲ್ಲಿ ಮುಳುಗಿತು.

ಮಧ್ಯಾಹ್ನದ ಬಿಸಿಲಿಗೆ ಅದು ಗರಿಗರಿ ಒಣಗಿತು. ಮೊದಲು ತಕ್ಕಡಿಗೆ ಹಾಕಿದೆವು. ತೂಕ ಕಮ್ಮಿ ಬಂತು.

ನಾನು ಬೆಪ್ಪಾದೆ. ತಕ್ಕಡಿ ಒರೆಸಿ ಮತ್ತೆ ತೂಗಿದೆ. ಕಮ್ಮಿಯೇ. ಅತ್ತಿಗೆ ಮೇಜಿನ ಅಂಚು ಹಿಡಿದು ನಿಂತುಬಿಟ್ಟರು. ಅವರ ಕಣ್ಣಲ್ಲಿ ನೀರಾಡಿತು. "ಹಾಗಾದ್ರೆ ನಿನ್ನ ಪುಸ್ತಕದಲ್ಲೂ ಒಂದಿಷ್ಟು ಕಾಣೆಯಾಗತ್ತೆ. ಯಾರ ಮೇಲೆ ಹೊರಿಸ್ತಾರೋ" ಎಂದರು. ಇಷ್ಟು ವರ್ಷ ನಾವು ನಗುತ್ತಿದ್ದ ಆ ಹಾಳು ತೋಳು ಈಕೆಯ ಹೊಟ್ಟೆಯಲ್ಲಿ ಎಷ್ಟು ಆಳಕ್ಕೆ ಕೂತಿದೆ ಎಂದು ಆಗ ಗೊತ್ತಾಯಿತು.

ಬಕೆಟ್ಟಿನ ನೀರು ಬೆಳ್ಳಗೆ ಕದಡಿದ್ದು ಕಣ್ಣಿಗೆ ಬಿದ್ದದ್ದು ಅಮ್ಮನಿಗೆ. "ಹೊಸ ಬಟ್ಟೆಗೆ ಗಂಜಿ ಹಾಕಿರ್ತಾರಲ್ವೇನೋ? ನೀರಿಗೆ ಬಿಟ್ಟಿರತ್ತೆ" ಎಂದಳು. ಹೌದಲ್ಲ! ನನಗೆ ಹೊಳೆಯಬೇಕಿತ್ತು. ಆ ನೀರನ್ನೆಲ್ಲ ದೊಡ್ಡ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ಬತ್ತಿಸಿದೆವು. ಅಡುಗೆಮನೆ ತುಂಬ ಆವಿ. ಸಂಜೆಯ ಹೊತ್ತಿಗೆ ತಳದಲ್ಲಿ ಬಿಳಿ ಹಕ್ಕಳೆ ಕಾಣಿಸಿತು. ಅತ್ತಿಗೆ ಚಮಚದಿಂದ ಕೆರೆದು ಕೆರೆದು, ಒಂದು ಕಣವೂ ಚೆಲ್ಲದಂತೆ ತಕ್ಕಡಿಗೆ ಹಾಕಿದರು. ಕಳೆದುಹೋಗಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಸಿಕ್ಕಿತು!

ಹೆಚ್ಚು ಬಂದದ್ದು ನಲ್ಲಿ ನೀರಿನಲ್ಲಿ ಮೊದಲೇ ಇದ್ದ ಲವಣದಿಂದ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ, "ನೋಡಿದ್ಯಾ, ಮಾರ್ಜಿನ್!" ಎಂದು ಮಗುವಿನಂತೆ ನಕ್ಕರು. ಬಾಯಿ ಮುಚ್ಚಿಕೊಂಡೆ. ಲವಣದ ಮಾತು ಎರಡು ದಿನ ಬಿಟ್ಟು ಹೇಳಿದೆ, ಅರ್ಥವಾಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಬಟ್ಟೆಯ ಉದ್ದ ಅಳೆಯುವುದನ್ನು ನಾನು ಮರೆತೇಬಿಟ್ಟಿದ್ದೆ. ಅಮ್ಮ ಮರೆತಿರಲಿಲ್ಲ. ಟೇಪಿನ ತುದಿ ತಾನೇ ಹಿಡಿದು, "ಎಳಿ" ಎಂದಳು. ನಾಲ್ಕು ಬೆರಳಷ್ಟು ಮೋಟಾಗಿತ್ತು. ಟೇಪು ಸರಿಯಿಲ್ಲ ಎಂದಳು. ಅತ್ತಿಗೆ ಬೇರೆ ಟೇಪು ಕೊಟ್ಟರು. ಅಷ್ಟೇ ಬಂತು. ಅಮ್ಮ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟುದ್ದಕ್ಕೆ ನಾಲ್ಕು ಬೆರಳಾದ್ರೆ, ಎರಡು ಗೌನಿನ ಬಟ್ಟೆಗೆ..." ಎಂದು ಲೆಕ್ಕ ಹಾಕಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಅಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.

ಪರೀಕ್ಷೆಯ ಬೆಳಿಗ್ಗೆ ನಾವೆಲ್ಲ ಗಡಿಬಿಡಿಯಲ್ಲಿದ್ದೆವು. ಅತ್ತಿಗೆ ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಜಪಿಸುತ್ತ ಚಪ್ಪಲಿ ಹುಡುಕುತ್ತಿದ್ದರು. ಅಣ್ಣ, "ತೋಳು ಹೋದ..." ಎಂದು ಶುರುಮಾಡಿ ಬಾಯಿ ತೆರೆದುಕೊಂಡೇ ನಿಂತ. ಒಳಗಿನಿಂದ ಅಮ್ಮ ಬಂದಿದ್ದಳು. ಮೈಮೇಲೆ ಆ ನೀಲಿ ಗೌನು. ಮಡಿಕೆಯ ಗೆರೆಗಳು ಹಾಗೇ ಇದ್ದವು, ಮೋಟುತೋಳಿನಿಂದ ಅಮ್ಮನ ಸುಕ್ಕುಗಟ್ಟಿದ ಕೈಗಳು ಹೊರಗೆ ಬಂದಿದ್ದವು. "ಸೆಕೆಗೆ ಇದೇ ವಾಸಿ" ಎಂದಳು, ಯಾರ ಮುಖವನ್ನೂ ನೋಡದೆ. ಅತ್ತಿಗೆಯ ಚಪ್ಪಲಿಯನ್ನು ಕಾಲಿನಿಂದ ಮುಂದಕ್ಕೆ ಸರಿಸಿ, "ಹೊತ್ತಾಯ್ತು, ಹೊರಡು" ಎಂದಳು.

ಮಧ್ಯಾಹ್ನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಾನು ಕಾಯುತ್ತಿದ್ದೆ. ಅತ್ತಿಗೆ ಗೊಂದಲದ ಗೂಡಾಗಿಯೇ ಹೊರಬಂದರು. ಪ್ರಶ್ನೆಪತ್ರಿಕೆ ಬೆವರಿಗೆ ಮೆತ್ತಗಾಗಿತ್ತು.

"ಹೇಗಾಯ್ತು?"

"ಗೊತ್ತಿಲ್ಲ. ಎಲ್ಲಾ ಗೊತ್ತಿದ್ದ ಹಾಗೂ ಇತ್ತು, ಏನೂ ಗೊತ್ತಿಲ್ಲದ ಹಾಗೂ ಇತ್ತು."

"ಸಮೀಕರಣ ಬಂದಿತ್ತಾ?"

"ಬಂದಿತ್ತು. ಕಬ್ಬಿಣದ್ದು. ಎಷ್ಟು ಎಣಿಸಿದ್ರೂ ಒಂದು ಆಕ್ಸಿಜನ್ ಸಿಗಲೇ ಇಲ್ಲ."

"ಆಮೇಲೆ?"

"ಎಲ್ಲೋ ಇರತ್ತೆ ಅಂತ ಬಿಟ್ಟು ಮುಂದಿನ ಪ್ರಶ್ನೆಗೆ ಹೋದೆ." ಅದನ್ನು ಹೇಳುವಾಗ ಅವರಿಗೇ ಅಚ್ಚರಿಯಾದಂತಿತ್ತು. ರಸ್ತೆ ದಾಟುವವರೆಗೂ ಅತ್ತಿಗೆ ಮತ್ತೆ ಮತ್ತೆ ಅದನ್ನೇ ಹೇಳಿದರು. "ಬಿಟ್ಟೇಬಿಟ್ಟೆ ಕಣೋ."

ಫಲಿತಾಂಶ ಬಂದ ದಿನ ನಾನು ಅಂಗಡಿಯಿಂದ ಓಡಿಕೊಂಡು ಬಂದೆ. ಅತ್ತಿಗೆ ಮೆಷಿನ್ ಮುಂದೆ ಒಂದು ಕೋಟಿಗೆ ಕೊನೆಯ ಗುಂಡಿ ಹಚ್ಚುತ್ತಿದ್ದರು. ನಾನು ಹೇಳಿದ್ದನ್ನು ನಂಬದೆ, ಫೋನನ್ನು ಕಸಿದುಕೊಂಡು ತಮ್ಮ ನೋಂದಣಿ ಸಂಖ್ಯೆಯನ್ನು ಬೆರಳಿಟ್ಟು ಓದಿದರು. ಪಾಸಾಗಿದ್ದರು. ಅಂಚಿಗೆ ಅಂಚು, ಆದರೂ ಪಾಸು. ಟೀಚರಮ್ಮನ ಜಾಗ ಇನ್ನು ಇವರದೇ.

ಅಣ್ಣ ಖುಷಿಯಲ್ಲಿ ಬಾಯಿತಪ್ಪಿದ. "ಹೋದ ಸಲ ಈ ಮಾರ್ಕ್ಸ್ ಎಲ್ಲ ಎಲ್ಲಿತ್ತೇ? ತೋಳು ಹೋದ ಕಡೆ ಹೋಗಿತ್ತಾ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಅದೇ ನೀಲಿ ಗೌನಿನಲ್ಲಿ. ಪರೀಕ್ಷೆಯ ದಿನದಿಂದ ಅದನ್ನು ಒಗೆದು ಒಗೆದು ತೊಡುತ್ತಿದ್ದಳು.

"ತೋಳು ಎಲ್ಲಿಗೂ ಹೋಗಿರಲಿಲ್ಲ ಕಣೋ" ಎಂದಳು. "ಬಟ್ಟೆ ಒಳಗೇ ಇತ್ತು. ನಾನು ಇವಳ ಕೈ ನೋಡ್ತಿದ್ದೆ, ಬಟ್ಟೆ ನೋಡಲಿಲ್ಲ." ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನೀನು ತಗೊಂಡಿರಲಿಲ್ಲ. ಊರಿಗೆಲ್ಲ ಹೇಳ್ಕೊಂಡು ಬಂದೆ. ತಪ್ಪಾಯ್ತು ಮಗಳೇ" ಎಂದಳು.

"ಅಯ್ಯೋ ಅತ್ತೆ, ಕೂತ್ಕೊಳ್ಳಿ" ಎಂದರು ಅತ್ತಿಗೆ, ಕುರ್ಚಿ ಅಮ್ಮನ ಹಿಂದೆಯೇ ಇತ್ತು. ಕಣ್ಣು ಒರೆಸಿಕೊಂಡು ದಾರ ಕತ್ತರಿಸಿದರು. ಕೋಟನ್ನು ಕೊಡವಿ ಮಡಚಿದರು. ಮೇಜಿನ ಮೇಲೆ ಚೂರುಗಳು ಗುಡ್ಡೆಯಾಗಿದ್ದವು, ಪುಟ್ಟ ಚೀಲವೂ ಹೊಲಿದು ಸಿದ್ಧವಿತ್ತು. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಚೂರುಗಳನ್ನೆಲ್ಲ ಅಂಗೈಯಲ್ಲಿ ಗುಡಿಸಿ ಕಸದ ಬುಟ್ಟಿಗೆ ಹಾಕಿದರು, ಚೀಲವನ್ನೂ ಹಾಕಿದರು.

ಸಂಜೆ ಗಿರಾಕಿ ಬಂದು ಕೋಟು ತೊಟ್ಟು ನೋಡಿ, ಸರಿಯಾಗಿದೆ ಎಂದು ಒಯ್ದ. ಉಳಿದ ಬಟ್ಟೆಯ ಮಾತನ್ನು ಅವನು ಎತ್ತಲೇ ಇಲ್ಲ.